ಮೂರು ಗುಳಿಗೆ ತಗೊಂಡರೂ ಇಳಿಯದ ಬಿಪಿ: ಟೆಸ್ಟಿಗೆ ಮುಂಚೆ ಏನೇನು ನೋಡಬೇಕು?

ಕೊಂಡಜ್ಜಿ:
ದಾವಣಗೆರೆಯಿಂದ. ತಮ್ಮನಿಗೆ 32 ವರ್ಷ. ಟೆಲ್ಮಿಸಾರ್ಟನ್ 80, ಆಮ್ಲೋಡಿಪಿನ್ 10, ಕ್ಲೋರ್‌ಥಾಲಿಡೋನ್ 12.5 ಮಿ.ಗ್ರಾಂ. ಮೂರೂ ತಪ್ಪದೆ ನಡೆದಿವೆ. ಆದರೂ ಬಿಪಿ 160/100ರ ಕೆಳಗೆ ಬರುತ್ತಿಲ್ಲ. ಕ್ರಿಯಾಟಿನಿನ್ (ಮೂತ್ರಪಿಂಡದ ಟೆಸ್ಟ್) 0.9, ಪೊಟ್ಯಾಸಿಯಂ 3.1. ಬೇರೆ ಮೂಲ ಇರಬಹುದು ಅಂತ ಡಾಕ್ಟರು ಅಲ್ಡೋಸ್ಟಿರಾನ್ (ಅಡ್ರಿನಲ್ ಗ್ರಂಥಿಯ ಹಾರ್ಮೋನ್), ರೆನಿನ್ (ಅದನ್ನು ಏರಿಸುವ, ಮೂತ್ರಪಿಂಡದಿಂದ ಬರುವ ವಸ್ತು) ಟೆಸ್ಟ್ ಬರೆದಿದ್ದಾರೆ. ರಕ್ತ ಕೊಡುವ ಮುಂಚೆ ಗುಳಿಗೆ ನಿಲ್ಲಿಸಬೇಕಾ? ಉಪ್ಪು ಪೂರ್ತಿ ಬಿಡಿಸಿದ್ದೇವೆ, ಸರಿಯಾ? ಮೂಲ ಸಿಕ್ಕರೆ ವಾಸಿಯಾಗುತ್ತಾ?

ಜೋಗಿಮಟ್ಟಿ:
ಮೊದಲು ಅಳತೆ ಸರಿ ಇದೆಯಾ ನೋಡಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಬಿಪಿ ಸುಳ್ಳಾಗಿ ಜಾಸ್ತಿ ತೋರಿಸುತ್ತದೆ. ಚಹಾ, ತಂಬಾಕು, ಎಲೆಅಡಿಕೆ ಆಗಿ ಅರ್ಧ ಗಂಟೆ ಕಳೆದಿರಬೇಕು. ಬೆನ್ನಿಗೆ ಆನಿಕೆ ಕೊಟ್ಟು, ಪಾದ ನೆಲಕ್ಕೆ ಊರಿ, ಐದು ನಿಮಿಷ ಮಾತಾಡದೆ ಕೂತ ಮೇಲೆ ನೋಡಿ. ಒಂದು ಸಲ ಎರಡೂ ತೋಳಲ್ಲಿ ನೋಡಲೇಬೇಕು. ಒಂದಕ್ಕೊಂದು 20ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ, ಅಥವಾ ತೊಡೆಸಂದಿಯ ನಾಡಿ ಕ್ಷೀಣವಾಗಿದ್ದರೆ, ದೊಡ್ಡ ರಕ್ತನಾಳದಲ್ಲೇ ತೊಂದರೆ ಇರಬಹುದು. ಚಿಕ್ಕ ವಯಸ್ಸಿನವರಲ್ಲಿ ಇದನ್ನು ಬಿಟ್ಟುಬಿಡುವುದು ದೊಡ್ಡ ತಪ್ಪು.

ಆಮೇಲೆ ಮೆಡಿಕಲ್ ಶಾಪಿಂದ ತಾವೇ ತಂದು ತಗೊಳ್ಳೋದು ಏನೇನಿದೆ ಎಲ್ಲಾ ಪಟ್ಟಿ ಮಾಡಿ. ಮೈಕೈ ನೋವಿನ ಡೈಕ್ಲೋಫೆನಾಕ್, ಮೂಗು ಕಟ್ಟಿದ್ದಕ್ಕೆ ಕೊಡುವ ನೆಗಡಿ ಗುಳಿಗೆ, ಸ್ಟೀರಾಯ್ಡ್, ಜಿಮ್ ಪೌಡರ್, ಜೊತೆಗೆ ಜೇಷ್ಠಮಧು. ಇವುಗಳಲ್ಲಿ ಯಾವುದೊಂದಿದ್ದರೂ ಬಿಪಿ ಏರಬಹುದು. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುತ್ತಾ ಅಂತಲೂ ಗಮನಿಸಿ.

ಬಾತಿಗುಡ್ಡ:
ಟೆಲ್ಮಿಸಾರ್ಟನ್ ಪೊಟ್ಯಾಸಿಯಂ ಏರಿಸುವ ಕಡೆಯದು, ಕ್ಲೋರ್‌ಥಾಲಿಡೋನ್ ಇಳಿಸುವ ಕಡೆಯದು. ಎರಡೂ ಜೊತೆಗಿದ್ದೂ 3.1ಕ್ಕೆ ಇಳಿದಿದೆ ಅಂದರೆ ಅಡ್ರಿನಲ್ ಗ್ರಂಥಿಯ ಮೇಲೆ ಅನುಮಾನ ಪಡಲೇಬೇಕು. ಮೂತ್ರಪಿಂಡದ ನೆತ್ತಿಯ ಮೇಲೆ ಕೂತಿರುವ ಗ್ರಂಥಿ ಅದು. ಅಲ್ಡೋಸ್ಟಿರಾನ್ ಹೆಚ್ಚಾದರೆ ಉಪ್ಪು ಮೈಯಲ್ಲೇ ಉಳಿಯುತ್ತದೆ, ಪೊಟ್ಯಾಸಿಯಂ ಮೂತ್ರದಲ್ಲಿ ಹೋಗುತ್ತದೆ, ರೆನಿನ್ ತಗ್ಗುತ್ತದೆ.

ಗುಳಿಗೆ ನೀವಾಗಿ ನಿಲ್ಲಿಸಬೇಡಿ. ಈಗಿರುವ ಟೆಲ್ಮಿಸಾರ್ಟನ್, ಕ್ಲೋರ್‌ಥಾಲಿಡೋನ್ ಎರಡೂ ರೆನಿನ್ ಏರಿಸುತ್ತವೆ. ಅವು ನಡೆದಿದ್ದೂ ರೆನಿನ್ ತಳ ಕಂಡಿದ್ದರೆ ಅನುಮಾನ ಇನ್ನೂ ಗಟ್ಟಿಯಾಯಿತು. ಫಲಿತಾಂಶ ಅರೆಬರೆ ಬಂದರೆ ಮಾತ್ರ ಡಾಕ್ಟರೇ ಈ ಲೆಕ್ಕ ಅಷ್ಟಾಗಿ ಕೆಡಿಸದ ಪ್ರಾಜೋಸಿನ್, ವೆರಾಪಮಿಲ್ ಗುಳಿಗೆಗೆ ಬದಲಿಸಿ ಮತ್ತೆ ಮಾಡಿಸುತ್ತಾರೆ. ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಬಿಪಿ ಗುಳಿಗೆ ರೆನಿನ್ ತಗ್ಗಿಸುವುದರಿಂದ ಇಲ್ಲದ ರೋಗ ತೋರಿಸಬಹುದು. ಅಲ್ಡೋಸ್ಟಿರಾನ್ ಕೆಲಸ ತಡೆಯುವ ಸ್ಪೈರೊನೊಲ್ಯಾಕ್ಟೋನ್ ಮಾತ್ರ ಕನಿಷ್ಠ 4 ವಾರ ಬಿಡಿಸುವುದು ರೂಢಿ.

ಉಪ್ಪು ಬಿಡಿಸಿದ್ದು ಈ ಟೆಸ್ಟಿನ ಮಟ್ಟಿಗೆ ಸರಿಯಲ್ಲ. ಉಪ್ಪು ಕಮ್ಮಿಯಾದರೆ ರೆನಿನ್ ಏರಿ ರೋಗ ಮುಚ್ಚಿಹೋಗುತ್ತದೆ. ಟೆಸ್ಟ್ ಮುಗಿಯುವವರೆಗೆ ಮನೆಯ ಎಂದಿನ ಊಟ ಇರಲಿ, ಆಮೇಲೆ ಕಡಿಮೆ ಮಾಡಿ. ಪೊಟ್ಯಾಸಿಯಂನ್ನೂ ಮೊದಲು 4ರ ಹತ್ತಿರ ತರಬೇಕು. ಅದು ತಗ್ಗಿದ್ದರೆ ಅಲ್ಡೋಸ್ಟಿರಾನ್ ಕೂಡ ತಗ್ಗಿ ತೋರುತ್ತದೆ.

ರಕ್ತ ಕೊಡುವ ದಿನ ಬೆಳಿಗ್ಗೆ ಎದ್ದು ಎರಡು ಗಂಟೆ ಓಡಾಡಿಕೊಂಡಿರಲಿ, ಲ್ಯಾಬಿನಲ್ಲಿ 5ರಿಂದ 15 ನಿಮಿಷ ಕೂರಲಿ. ಮುಷ್ಟಿ ಬಿಗಿದು ಬಿಡುವುದು ಬೇಡ, ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ. ಇನ್ನೊಂದು ಮಾತು, ಇದರಿಂದಲೂ ಟೆಸ್ಟ್ ಕೆಡಬಹುದು: ಸ್ಯಾಂಪಲ್ ಟ್ಯೂಬನ್ನು ಐಸ್ ಮೇಲೆ ಇಡಬಾರದು. ತಣ್ಣಗಾದರೆ ನಿಷ್ಕ್ರಿಯ ರೆನಿನ್ ಸಕ್ರಿಯವಾಗಿ ಲೆಕ್ಕ ತಪ್ಪುತ್ತದೆ. ಮಾಮೂಲಿ ಶಾಖದಲ್ಲೇ ಪ್ಲಾಸ್ಮಾ ಬೇರ್ಪಡಿಸಿ, ಆಮೇಲೆ ಫ್ರೀಜ್ ಮಾಡಿ ಕಳಿಸಬೇಕು. ಬೆಂಗಳೂರಿಗೆ ಕಳಿಸುವ ಲ್ಯಾಬ್ ಆದರೆ ಇದನ್ನು ಬಾಯಿಬಿಟ್ಟು ಕೇಳಿ.

ವಾಣಿವಿಲಾಸ:
ಚಿಕಿತ್ಸೆ ಬಗ್ಗೆ ಹೇಳ್ತೀನಿ. ಅಲ್ಡೋಸ್ಟಿರಾನ್ ಹೆಚ್ಚಿರುವುದು ಖಚಿತವಾದರೆ ಅಡ್ರಿನಲ್ ಸಿಟಿ ಸ್ಕ್ಯಾನ್. ಒಂದೇ ಕಡೆಯ ಗಡ್ಡೆ ಅಂದರೆ ದುರ್ಬೀನಿನ ಆಪರೇಷನ್ ಮಾಡಿ ಆ ಗ್ರಂಥಿ ತೆಗೆಯುತ್ತಾರೆ. ಸಾಮಾನ್ಯವಾಗಿ ಅದಕ್ಕೆ ಮುಂಚೆ ಎರಡೂ ಅಡ್ರಿನಲ್ ರಕ್ತನಾಳದಿಂದ ಸ್ಯಾಂಪಲ್ ತೆಗೆದು ಯಾವ ಕಡೆ ಅಂತ ಖಚಿತಪಡಿಸಬೇಕು, 35ರ ಒಳಗಿನವರಲ್ಲಿ ಚಿತ್ರ ಸ್ಪಷ್ಟವಿದ್ದರೆ ಬಿಡುವುದುಂಟು. ಆಪರೇಷನ್ ಆದಮೇಲೆ ಪೊಟ್ಯಾಸಿಯಂ ಸರಿಹೋಗುವುದು ಬಹುತೇಕ ಖಚಿತ. ಬಿಪಿ ಕೆಲವರಿಗೆ ಪೂರ್ತಿ ಇಳಿಯುತ್ತದೆ, ಇನ್ನು ಕೆಲವರಿಗೆ ಗುಳಿಗೆ ಕಮ್ಮಿಯಾಗುತ್ತದೆ. ಎರಡೂ ಕಡೆ ಇದ್ದರೆ ಸ್ಪೈರೊನೊಲ್ಯಾಕ್ಟೋನ್ 25ರಿಂದ ಶುರು. ಗಂಡಸರಿಗೆ ಎದೆ ಊದಿ ನೋವು ಬಂದರೆ ಅದೇ ಬಗೆಯ ಎಪ್ಲೆರಿನೋನ್. ಈ ಎರಡರಲ್ಲಿ ಯಾವುದು ನಡೆಯುವಾಗಲೂ ಅಂಗಡಿಯ ಲೋ ಸೋಡಿಯಂ ಉಪ್ಪು ಮನೆಗೆ ತರಬೇಡಿ, ಅದರಲ್ಲಿರುವುದು ಪೊಟ್ಯಾಸಿಯಂ ಕ್ಲೋರೈಡ್.

ತಲೆನೋವು, ಬೆವರು, ಎದೆ ಡವಡವ ಮೂರೂ ಒಟ್ಟಿಗೆ ಬಂದುಹೋಗುತ್ತಿದ್ದರೆ ಮೆಟಾನೆಫ್ರಿನ್ ಟೆಸ್ಟ್ (ಅಡ್ರಿನಲಿನ್ ಸುರಿಸುವ ಗಡ್ಡೆ ಇದೆಯಾ ನೋಡುವುದು) ಆಗಲಿ. ಅದು ಪಾಸಿಟಿವ್ ಆದರೆ ಮೊದಲು ಆಲ್ಫಾ ಬ್ಲಾಕರ್ (ಪ್ರಾಜೋಸಿನ್ ಥರದ್ದು), ಆಮೇಲೇ ಬೀಟಾ ಬ್ಲಾಕರ್ (ಅಟೆನೊಲಾಲ್ ಥರದ್ದು). ಈ ಕ್ರಮ ತಿರುವುಮುರುವಾದರೆ ಬಿಪಿ ಒಮ್ಮೆಲೇ ಏರಿ ಜೀವಕ್ಕೆ ಅಪಾಯ.

ಕೊಂಡಜ್ಜಿ:
ಎಲ್ಲರಿಗೂ ಧನ್ಯವಾದ. ಜೋಗಿಮಟ್ಟಿಯವರೆ, ಗಂಟಲಿಗೆ ಅಂತ ಎರಡು ತಿಂಗಳಿಂದ ದಿನಾ ಜೇಷ್ಠಮಧು ಕಷಾಯ ಕುಡೀತಿದ್ದಾನೆ. ಅದನ್ನೂ ಲೆಕ್ಕಕ್ಕೆ ತಗೋಬೇಕಾ?

ಜೋಗಿಮಟ್ಟಿ:
ಖಂಡಿತ. ಇವತ್ತೇ ನಿಲ್ಲಿಸಿ, ಡಾಕ್ಟರಿಗೂ ತಿಳಿಸಿ. ಕಾರ್ಟಿಸೋಲ್ ಅನ್ನುವ ಇನ್ನೊಂದು ಅಡ್ರಿನಲ್ ಹಾರ್ಮೋನನ್ನು ಮೂತ್ರಪಿಂಡದಲ್ಲಿ ನಿಷ್ಕ್ರಿಯ ಮಾಡುವ ಕಿಣ್ವವನ್ನು ಅದು ತಡೆಯುತ್ತದೆ. ಆಗ ಕಾರ್ಟಿಸೋಲೇ ಅಲ್ಡೋಸ್ಟಿರಾನ್ ಕೆಲಸ ಮಾಡುತ್ತದೆ: ಬಿಪಿ ಜಾಸ್ತಿ, ಪೊಟ್ಯಾಸಿಯಂ ಕಮ್ಮಿ. ಬಿಪಿ ಗುಳಿಗೆ ಹಾಗೇ ನಡೆಯಲಿ. ವಾರ ಬಿಟ್ಟು ಪೊಟ್ಯಾಸಿಯಂ ನೋಡಿಸಿ, 4 ವಾರ ಕಳೆದ ಮೇಲೆ ರೆನಿನ್, ಅಲ್ಡೋಸ್ಟಿರಾನ್ ಮಾಡಿಸಿ. ಅಷ್ಟರಲ್ಲಿ ಬಿಪಿ ಇಳಿದು ಪೊಟ್ಯಾಸಿಯಂ ತಾನೇ ಮೇಲೆ ಬಂದರೆ ಕಷಾಯದ್ದೇ ಕೆಲಸ. ರೆನಿನ್ ತಳದಲ್ಲೇ ಇದ್ದು ಅಲ್ಡೋಸ್ಟಿರಾನ್ ಜಾಸ್ತಿ ಬಂದರೆ ಗ್ರಂಥಿಯದ್ದು, ಸ್ಕ್ಯಾನಿಗೆ ಹೋಗಿ.