ಅಪ್‌ಡೇಟ್: ಸ್ಕಾಟ್ಲೆಂಡ್ ಹೋಟೆಲ್‌ಗಳು, ಹೋಗಿ ಬಂದ್ವಿ

ಅಪ್ಪ-ಅಮ್ಮನ್ನ ಕಾರಲ್ಲಿ ಸ್ಕಾಟ್ಲೆಂಡ್ ಸುತ್ತಿಸೋಕೆ, ದುಬಾರಿಯಾದ್ರೂ ನೆನಪಲ್ಲಿ ಉಳಿಯೋ ಹೋಟೆಲ್ ಯಾವುದು ಅಂತ ಕೇಳಿದ್ದೆ. ಮೊನ್ನೆ ವಾಪಸ್ ಬಂದ್ವಿ.

ಎಡಿನ್‌ಬರಾದ ಬಾಲ್ಮೋರಲ್ ಹೋಟೆಲ್ 1902ರದ್ದು. ಪಕ್ಕದ ವೇವರ್ಲಿ ಸ್ಟೇಷನ್‌ನಲ್ಲಿ ಯಾರಿಗೂ ರೈಲು ತಪ್ಪಬಾರದು ಅಂತ ಅದರ ಗೋಪುರದ ಗಡಿಯಾರ 3 ನಿಮಿಷ ಮುಂದೆ ಇಟ್ಟಿರ್ತಾರೆ. ಗೊತ್ತಿಲ್ಲದೆ ಅಪ್ಪ ತಮ್ಮ ವಾಚೇ ತಿದ್ಕೊಂಡಿದ್ರು!

ಆದ್ರೆ ಮನಸ್ಸು ನಿಂತಿದ್ದು ಫೋರ್ಟ್ ವಿಲಿಯಂ ಹತ್ತಿರದ ಇನ್ವರ್ಲಾಖಿ ಕ್ಯಾಸಲ್ ಹೋಟೆಲ್‌ನಲ್ಲಿ. 1873ರಲ್ಲಿ ವಿಕ್ಟೋರಿಯಾ ರಾಣಿ ತಂಗಿದ್ದ ಜಾಗ. ಹತ್ತಿರದಲ್ಲೇ 1,345 ಮೀಟರ್ ಎತ್ತರದ ಬೆನ್ ನೆವಿಸ್. ಎರಡು ದಿನವೂ ಮೋಡ ಸರೀಲಿಲ್ಲ, ಬೆಟ್ಟ ಕಾಣಲೇ ಇಲ್ಲ. ಅಮ್ಮನಿಗೆ ಅದರ ಚಿಂತೆಯಿಲ್ಲ, ಬೆಂಕಿ ಮುಂದೆ ಟೀ ಹಿಡಿದು ಕೂತವರು ಏಳಲಿಲ್ಲ.

ಸಸ್ಯಾಹಾರಿಗಳು ಅಂತ ಬುಕಿಂಗ್ ಮಾಡುವಾಗಲೇ ಹೇಳಿ ಅಂದವರಿಗೆ ಥ್ಯಾಂಕ್ಸ್, ಊಟಕ್ಕೆ ಎಲ್ಲೂ ಪರದಾಡಲಿಲ್ಲ.