ರವಿವಾರ ನಾಲ್ಕರಿಂದ ಐದು

ಗುಂಪು: ಅವ್ವನ ಬಳಗ

ಅಣ್ಣ (ಬೆಂಗಳೂರು), ಬೆಳಿಗ್ಗೆ 8.40
ಮೇಲೆ ಹಾಕಿರುವ ಲೇಖನವನ್ನು ಎಲ್ಲರೂ ಪೂರ್ತಿ ಓದಿರಿ. ಕೋವಿಡ್ ಕಾಲದಲ್ಲಿ ಇಂಗ್ಲೆಂಡಿನ ಆರೈಕೆ ಮನೆಗಳಲ್ಲಿದ್ದ ವೃದ್ಧರು ತಿಂಗಳುಗಟ್ಟಲೆ ಮಕ್ಕಳ ಮುಖ ಕಾಣದೆ ಉಳಿದರು. ಆ ಅನುಭವದ ನಂತರ, 2024ರ ಏಪ್ರಿಲ್ 6ರಿಂದ ಅಲ್ಲಿ ಹೊಸ ನಿಯಮ ಬಂದಿದೆ: ಅಸಾಧಾರಣ ಕಾರಣವಿಲ್ಲದೆ ಸಂಸ್ಥೆಯವರು ಭೇಟಿಯನ್ನು ತಡೆಯುವಂತಿಲ್ಲ, ನಿವಾಸಿಗಳು ಹೊರಗೆ ಹೋಗಿಬರುವುದಕ್ಕೂ ಅಡ್ಡಿಪಡಿಸುವಂತಿಲ್ಲ. ಅವ್ವ ಇರುವ ಆರೈಕೆ ಮನೆಯಲ್ಲಿ ರವಿವಾರ ನಾಲ್ಕರಿಂದ ಐದರವರೆಗೆ ಮಾತ್ರ ಭೇಟಿ. ಎಲ್ಲರೂ ಸಹಿ ಮಾಡಿ ವ್ಯವಸ್ಥಾಪಕರಿಗೆ ಒಂದು ಪತ್ರ ಕೊಡೋಣವೆಂದು ನನ್ನ ಸೂಚನೆ.

ಅಕ್ಕ (ಧಾರವಾಡ), 9.05
ಅಣ್ಣಾ, ಪತ್ರಕ್ಕೆ ನನ್ನ ಸಹಿ ಇದೆ. ಆದರೆ ಬಾಗಿಲು ತೆರೆದಿರುವ ಆ ಒಂದು ತಾಸಿಗಾದರೂ ನಾವು ಎಷ್ಟು ಜನ ಹೋಗಿದ್ದೇವೆ ಎಂಬುದನ್ನೂ ಅದರಲ್ಲಿ ಬರೆಯೋಣವೇ? ದೀಪಾವಳಿಯಿಂದ ಈಚೆಗೆ ಅಲ್ಲಿಯ ಭೇಟಿ ಪುಸ್ತಕದಲ್ಲಿ ನಮ್ಮ ಮನೆಯವರ ಸಹಿ ಹನ್ನೊಂದು ಇವೆ, ಅವುಗಳಲ್ಲಿ ಒಂಬತ್ತು ನನ್ನವು. 2023ರ ಜೂನ್‌ನಿಂದ ನಿಮ್ಮ ಊರಿನಿಂದ ನಮ್ಮೂರಿಗೆ ವಂದೇ ಭಾರತ್ ಓಡುತ್ತಿರುವುದರಿಂದ ರೈಲಿನ ನೆಪವೂ ಈಗ ಉಳಿದಿಲ್ಲ.

ಅಣ್ಣ, 9.20
ತಿಂಗಳ ಶುಲ್ಕ ಒಂದು ದಿನವೂ ತಡವಾಗಿಲ್ಲ. ಕಚೇರಿಯಿಂದ ಬಂದು ವಾರಕ್ಕೆ ಎರಡು ಸಲ ಸಂಜೆ ಏಳೂವರೆಗೆ ವಿಡಿಯೊ ಕರೆ ಮಾಡುತ್ತೇನೆ. ಅದು ಲೆಕ್ಕಕ್ಕೆ ಇಲ್ಲವೇ?

ಅಕ್ಕ, 9.31
ಲೆಕ್ಕಕ್ಕೆ ಇದೆ, ಆದರೆ ಹೊತ್ತು ಸರಿಯಿಲ್ಲ. ಮರೆವಿನ ಕಾಯಿಲೆ ಇರುವ ಅನೇಕರಿಗೆ ಹೊತ್ತು ಮುಳುಗುವ ಸಮಯದಲ್ಲಿ ಗಲಿಬಿಲಿ ಹೆಚ್ಚಾಗುತ್ತದೆ ಎಂದು ಡಾಕ್ಟರು ನಮಗೆ ಮೊದಲೇ ಹೇಳಿದ್ದರು. ಆಯಾ ಫೋನನ್ನು ಮೊಳ ದೂರದಲ್ಲಿ ಹಿಡಿಯುತ್ತಾಳೆ, ಎಡಗಿವಿಯ ಯಂತ್ರವನ್ನು ಆ ಹೊತ್ತಿಗೆ ತೆಗೆದು ಡಬ್ಬಿಯಲ್ಲಿ ಇಟ್ಟಿರುತ್ತಾರೆ, ನೀನು "ನಾನು ಯಾರು ಹೇಳು ನೋಡೋಣ" ಎಂದು ಕೇಳುತ್ತೀ. ನೀನು ಫೋನ್ ಇಟ್ಟ ಮೇಲೆ ಅವ್ವ ಸುಮ್ಮನೆ ಗೋಡೆ ನೋಡುತ್ತ ಕೂಡುತ್ತಾಳೆಂದು ಆಯಾ ನನಗೆ ಎರಡು ಸಲ ಹೇಳಿದ್ದಾಳೆ. ಪರೀಕ್ಷೆಯಲ್ಲಿ ನಪಾಸಾದ ಹುಡುಗಿಯ ಮುಖ ಅದು.

ಕಾಕಾ (ಹುಬ್ಬಳ್ಳಿ), 10.02
ಇಬ್ಬರೂ ಸ್ವಲ್ಪ ತಾಳಿರಿ. ಇಂಗ್ಲೆಂಡಿನ ನಿಯಮವನ್ನು ನಮ್ಮ ವ್ಯವಸ್ಥಾಪಕರ ಮುಂದೆ ಹಿಡಿದರೆ ಅವರು ನಕ್ಕಾರು. ನಮ್ಮಲ್ಲಿರುವುದು ತಂದೆತಾಯಿ ಹಾಗೂ ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆ. ಅದರಲ್ಲಿ ಪೋಷಣೆ ಎಂದರೆ ಅನ್ನ, ಬಟ್ಟೆ, ವಸತಿ ಮತ್ತು ಚಿಕಿತ್ಸೆ. ನ್ಯಾಯಮಂಡಳಿ ಆದೇಶಿಸಬಹುದಾದ ಮೊತ್ತಕ್ಕೆ ತಿಂಗಳಿಗೆ 10,000 ರೂಪಾಯಿಯ ಮಿತಿಯನ್ನು ಇಟ್ಟಿದ್ದಾರೆ. ಮಕ್ಕಳು ಬಂದು ಮಗ್ಗುಲಲ್ಲಿ ಕೂತು ಮಾತನಾಡಬೇಕೆಂದು ಆ ವ್ಯಾಖ್ಯೆಯಲ್ಲಿ ಒಂದು ಅಕ್ಷರವೂ ಇಲ್ಲ. ಆದ್ದರಿಂದ ಪತ್ರವು ಹಕ್ಕಿನ ಧಾಟಿಯಲ್ಲಿ ಇರದೆ ವಿನಂತಿಯ ಧಾಟಿಯಲ್ಲಿ ಇರಲಿ. ನಿಮ್ಮ ಅವ್ವನಿಗೆ ಒಂದು ದೊಡ್ಡ ಪರದೆಯ ಟ್ಯಾಬ್ಲೆಟ್ ಕೊಡಿಸಿದರೆ ಹೇಗೆ? ಅದರ ಖರ್ಚು ನನ್ನದು.

ಗದಗಿನ ವೈನಿ, 10.40
ಕಾಕಾ ಅವರೇ, ಟ್ಯಾಬ್ಲೆಟ್ ಬೇಡವೆನ್ನುವುದಿಲ್ಲ. ಆದರೆ ಹೋದ ತಿಂಗಳು ನಾನು ದಾರಿಯಲ್ಲಿ ಎರಡು ಕಟ್ಟು ಮೆಂತ್ಯಪಲ್ಲೆ ಕೊಂಡಿದ್ದೆ, ಚೀಲ ಕೈಯಲ್ಲೇ ಇತ್ತು. ಅತ್ತೆಯವರು ನನ್ನ ಹೆಸರನ್ನು ಹೇಳಲಿಲ್ಲ, ಚೀಲವನ್ನು ಮಾತ್ರ ಎಳೆದುಕೊಂಡು, ಮಡಿಲಲ್ಲಿ ಪೇಪರ್ ಹಾಸಿ ಸೋಸಲು ಕುಳಿತರು. ದಂಟು ಹಾಕಿದರೆ ಕಹಿಯಾಗುತ್ತದೆ ಎಂದು ನನಗೇ ಬೈದರು, ನವಲಗುಂದದ ಹೊಲ, ಜೋಳದ ರೊಟ್ಟಿ, ಮಾವನವರ ಸಿಟ್ಟು ಎಲ್ಲವೂ ಒಂದರ ಹಿಂದೆ ಒಂದು ಬಂದವು. ಮುಕ್ಕಾಲು ತಾಸು ಹೇಗೆ ಹೋಯಿತೋ ತಿಳಿಯಲಿಲ್ಲ. ಅಲ್ಲಿ ಎಲ್ಲರೂ ಅವರಿಗೆ ಏನಾದರೂ ಮಾಡಿಕೊಡುವವರೇ ಹೊರತು ಅವರಿಂದ ಮಾಡಿಸಿಕೊಳ್ಳುವವರು ಯಾರೂ ಇಲ್ಲ. ಭಾವನವರೇ, ನೀವು ಬಂದಾಗ ಅಂಗಿಗೆ ಗುಂಡಿ ಹಚ್ಚಿಕೊಡೆಂದು ಕೇಳಿ ನೋಡಿರಿ.

ನಾನು (ಹುಬ್ಬಳ್ಳಿ), 11.15
ಪತ್ರದಲ್ಲಿ ಏನನ್ನು ಕೇಳಬೇಕೆಂಬುದು ವೈನಿಯ ಮಾತಿನಿಂದಲೇ ಸ್ಪಷ್ಟವಾಗುತ್ತದೆ. ರವಿವಾರ ಸಂಜೆಯ ಗದ್ದಲದ ಬದಲು ವಾರದ ನಡುವೆ ಎರಡು ದಿನ, ಬೆಳಿಗ್ಗೆ ತಿಂಡಿಯಾದ ಮೇಲೆ ಅರ್ಧ ತಾಸು ಕೊಡಿರೆಂದು ಕೇಳೋಣ. ನಾನು ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿನಲ್ಲಿ ಬುಧವಾರ ಬರಬಲ್ಲೆ. ಹಾಸಿಗೆಯ ಪಕ್ಕದಲ್ಲಿ ಒಂದು ನೋಟುಬುಕ್ ಇಡೋಣ. ಯಾರು ಬಂದಿದ್ದರು, ಅವ್ವ ಏನು ಹೇಳಿದಳು ಎಂಬುದನ್ನು ಬಂದವರು ಬರೆದಿಟ್ಟರೆ ಮುಂದಿನವರಿಗೆ ಮಾತು ಎಲ್ಲಿಂದ ಎತ್ತಿಕೊಳ್ಳಬೇಕೆಂದು ಗೊತ್ತಾಗುತ್ತದೆ, ಆಯಾಗೂ ಓದಿ ಹೇಳಲು ಏನಾದರೂ ಇರುತ್ತದೆ. ಪಂಚಮಿಗೆ ಒಂದು ದಿನ ಮನೆಗೆ ಕರೆತರಲು ಅನುಮತಿಯನ್ನೂ ಕೇಳೋಣ.

ಅಕ್ಕ, 11.22
ಮನೆಗೆ ಮಾತ್ರ ಬೇಡ. ಎಳ್ಳ ಅಮವಾಸ್ಯೆಗೆ ಕರೆತಂದು ತಿರುಗಿ ಬಿಟ್ಟುಬಂದ ಮೇಲೆ ಎರಡು ದಿನ ಅನ್ನ ಮುಟ್ಟಲಿಲ್ಲವೆಂದು ಸಿಸ್ಟರ್ ನನಗೆ ಫೋನ್ ಮಾಡಿದ್ದರು, ನಿಮಗಲ್ಲ. ಇಡೀ ದಿನ ಕರೆತಂದು ಮತ್ತೆ ಗೇಟಿನ ಒಳಗೆ ಕಳಿಸುವುದು ಯಾರ ಸಮಾಧಾನಕ್ಕೆ?

ಗದಗಿನ ವೈನಿ, 11.34
ಹಾಗಾದರೆ ಮನೆಯನ್ನು ಬಿಟ್ಟು ಕೆಲಗೇರಿ ಕೆರೆಯ ದಂಡೆಗೆ ಒಂದು ತಾಸು ಕರೆದುಕೊಂಡು ಹೋಗೋಣ. ಪಂಚಮಿಯ ಉಂಡಿಯನ್ನು ಅಲ್ಲಿಯೇ ಕೊಡೋಣ, ಸಣ್ಣದೊಂದು.

ಅಕ್ಕ, 11.40
ಕೆರೆಗೆ ಆಗಬಹುದು. ಬೆಳಿಗ್ಗೆ ಮಾತ್ರ.

ಅಣ್ಣ, ಮಧ್ಯಾಹ್ನ 1.10
ಕರೆಯನ್ನು ಇನ್ನು ಬೆಳಿಗ್ಗೆ ಹತ್ತಕ್ಕೆ ಮಾಡುತ್ತೇನೆ, ಹೆಸರನ್ನು ನಾನೇ ಹೇಳಿ ಮಾತು ಶುರು ಮಾಡುತ್ತೇನೆ. ಬುಧವಾರಕ್ಕೆ ಅನುಮತಿ ಸಿಕ್ಕರೆ ತಿಂಗಳಿಗೊಮ್ಮೆ ರಜೆ ಹಾಕಿ ಬರುತ್ತೇನೆ. ಬರುವಾಗ ಏನು ತರಲಿ? ಪೇಢೆ?

ಅಕ್ಕ, 1.14
ಸಕ್ಕರೆ ಕಾಯಿಲೆಯವಳಿಗೆ ಪೇಢೆಯೇ? ನಿನ್ನ ಮದುವೆಯ ಆಲ್ಬಮ್ ತಾ, ಪ್ರತಿ ಫೋಟೊದ ಕೆಳಗೆ ದಪ್ಪ ಅಕ್ಷರದಲ್ಲಿ ಹೆಸರು ಬರೆದು.

ಅಣ್ಣ, 1.20
ಆಲ್ಬಮ್ ನನ್ನ ಹತ್ತಿರ ಇಲ್ಲ. ಅದು ನಿನ್ನ ಮನೆಯ ಅಟ್ಟದ ಮೇಲೆ ಟ್ರಂಕಿನಲ್ಲಿದೆ, ಕೀಲಿ ಎಲ್ಲಿದೆಯೆಂದು ಅವ್ವನನ್ನೇ ಕೇಳಬೇಕು.