ಊರಿನ ಚರಿತ್ರೆ ಹುಡುಕಲು ಎಲ್ಲಿಂದ ಆರಂಭಿಸಬೇಕು? ಅನುಭವ ಹಂಚಿಕೊಳ್ಳಿ

ಪ್ರಶ್ನೆ: ನಾನು ಮೊಳಕಾಲ್ಮೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರೌಢಶಾಲಾ ಶಿಕ್ಷಕ. ನಮ್ಮ ಕೆರೆಯ ಏರಿಯ ಮೇಲೆ ವೀರಗಲ್ಲುಗಳೂ ಅಕ್ಷರ ಸವೆದ ಒಂದು ಶಾಸನವೂ ಇವೆ. ಊರಾಚೆಯ ಹೊಲದಲ್ಲಿ ಉಳುವಾಗ ಕಪ್ಪು-ಕೆಂಪು ಮಡಕೆಯ ಚೂರುಗಳು ಮೇಲೇಳುತ್ತವೆ. ಮಕ್ಕಳೊಂದಿಗೆ ಊರಿನ ಚರಿತ್ರೆ ಬರೆಯುವ ಆಸೆಯಿದೆ. ಅನುಭವವುಳ್ಳವರು ದಯವಿಟ್ಟು ದಾರಿ ತೋರಿಸಿ.

ನಿವೃತ್ತ ಇತಿಹಾಸ ಉಪನ್ಯಾಸಕರು, ತುಮಕೂರು:
ಮೇಷ್ಟ್ರೇ, ಕಲ್ಲನ್ನು ಓದಲು ಕೂರುವ ಮೊದಲು ಅದನ್ನು ಯಾರಾದರೂ ಆಗಲೇ ಓದಿದ್ದಾರೆಯೇ ಎಂದು ನೋಡಿಕೊಳ್ಳಿ. ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 11ನೆಯ ಸಂಪುಟ ಚಿತ್ರದುರ್ಗ ಜಿಲ್ಲೆಯದು. ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ, ಮೂಲಪಾಠದ ಜೊತೆಗೆ ಇಂಗ್ಲಿಷ್ ಅನುವಾದವನ್ನೂ ಕೊಟ್ಟಿದ್ದಾರೆ. ಅಂದಿನಿಂದ ಇಂದಿಗೆ ತಾಲ್ಲೂಕುಗಳ ಎಲ್ಲೆ ಬದಲಾಗಿರುವುದರಿಂದ ನೆರೆಯ ತಾಲ್ಲೂಕುಗಳ ಪುಟಗಳನ್ನೂ ತಿರುವಿ ಹಾಕಬೇಕು. ಅಲ್ಲಿ ಸಿಗದಿದ್ದರೆ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಿವೆ. ಹಲ್ಮಿಡಿ ಶಾಸನವನ್ನು ಎಂ. ಎಚ್. ಕೃಷ್ಣ ಅವರು ಪ್ರಕಟಿಸಿದ್ದು 1936ರ ಅಂಥ ವರದಿಯಲ್ಲಿಯೇ. ಈ ಸಂಪುಟಗಳಲ್ಲಿ ನನಗೆ ಎಲ್ಲಕ್ಕಿಂತ ಬೆಲೆಬಾಳುವಂತೆ ಕಾಣುವುದು ಶಾಸನದ ತಲೆಬರಹದಲ್ಲಿರುವ ಒಂದು ಸಾಲು, ಅಂದರೆ ಆ ಕಲ್ಲು ಆಗ ಯಾವ ಗುಡಿಯ ಮುಂದೆ, ಯಾವ ತೋಟದಲ್ಲಿ ನಿಂತಿತ್ತು ಎಂಬ ವಿವರ. ಅದನ್ನು ಕೈಯಲ್ಲಿ ಹಿಡಿದು ಮಕ್ಕಳನ್ನು ಊರು ಸುತ್ತಿಸಿದರೆ, ಯಾವ ಕಲ್ಲು ಉಳಿದಿದೆ, ಯಾವುದು ಸ್ಥಳ ಬದಲಿಸಿದೆ, ಯಾವುದು ಕಾಣೆಯಾಗಿದೆ ಎಂಬುದೇ ನಿಮ್ಮ ಪುಸ್ತಕದ ಮೊದಲ ಅಧ್ಯಾಯವಾಗುತ್ತದೆ.

ಶಕವರ್ಷಕ್ಕೆ 78 ಕೂಡಿಸಿದರೆ ಸಾಮಾನ್ಯವಾಗಿ ಕ್ರಿಸ್ತಶಕ ಬರುತ್ತದೆ. ತಿಥಿ ಮಾಘ ಅಥವಾ ಫಾಲ್ಗುಣದ್ದಾಗಿದ್ದರೆ 79 ಕೂಡಿಸಬೇಕಾದೀತು. ಬರಿಯ ಸಂವತ್ಸರದ ಹೆಸರಿದ್ದರೆ ಅದು 60 ವರ್ಷಕ್ಕೊಮ್ಮೆ ಮರಳುವುದರಿಂದ, ಅರಸನ ಹೆಸರೋ ಲಿಪಿಯ ಬಳುಕೋ ನೆರವಿಗೆ ಬರದೆ ಕಾಲವನ್ನು ಹೇಳಬಾರದು. ಅಕ್ಷರ ಕಾಣದಿದ್ದರೆ ಸೀಮೆಸುಣ್ಣ ಉಜ್ಜಿ ಓದುವುದು ನಮ್ಮ ಕಾಲದ ರೂಢಿ.

ನಿವೃತ್ತ ಭೂಮಾಪಕರು, ದಾವಣಗೆರೆ:
ಶಾಸನದ ಬಗ್ಗೆ ನನಗೆ ಹೆಚ್ಚು ತಿಳಿಯದು. ಆದರೆ ಕಂದಾಯ ದಾಖಲೆಗಳನ್ನು ಇತಿಹಾಸ ಬರೆಯುವವರು ಮರೆಯುವುದು ಹೆಚ್ಚು. ಹಳೆಯ ಗ್ರಾಮ ನಕ್ಷೆಯ ನಕಲನ್ನು ಪಡೆಯಿರಿ. ಜನವಸತಿ ಇಲ್ಲದ ಬೇಚರಾಕ್ ಗ್ರಾಮ ಪಕ್ಕದಲ್ಲಿದ್ದರೆ ಅದರ ನಕ್ಷೆಯನ್ನೂ ನೋಡಿ. ನಿಮ್ಮ ಮಡಕೆ ಚೂರಿನ ಹೊಲ ಅಂಥ ಪಾಳು ಊರಿನ ಎಲ್ಲೆಯೊಳಗೆ ಬಿದ್ದರೂ ಬೀಳಬಹುದು. ಹಾಳೂರು, ಕೋಟೆಹೊಲ, ಬೂದಿದಿಬ್ಬ ಮುಂತಾದ ಹೊಲಗಳ ಹೆಸರುಗಳನ್ನು ಹಿರಿಯರಿಂದ ಕೇಳಿ ಸರ್ವೆ ನಂಬರಿನ ಎದುರು ಬರೆದುಕೊಳ್ಳಿ, ಏಕೆಂದರೆ ಪಹಣಿಯಲ್ಲಿ ಅವು ಸಿಗುವುದಿಲ್ಲ.

ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋಗುವುದಾದರೆ ‘ನಮ್ಮೂರಿನದ್ದೆಲ್ಲ ಕೊಡಿ’ ಎಂದು ಕೇಳಿದರೆ ಬರಿಗೈಯಲ್ಲಿ ಮರಳುತ್ತೀರಿ. ಕೆರೆ ದುರಸ್ತಿ, ಇನಾಂ, ಶಾಲೆಯ ಆರಂಭ ಹೀಗೆ ಒಂದು ವಿಷಯವನ್ನೂ ಅಂದಾಜು ವರ್ಷಗಳನ್ನೂ ಗೊತ್ತುಮಾಡಿಕೊಂಡು ಸೂಚಿಗಳನ್ನು ನೋಡಿ. ಶಾನುಭೋಗರ ಮನೆತನದವರಿದ್ದರೆ ಅಟ್ಟದ ಮೇಲೆ ಕಡತ, ಅಂದರೆ ಮಡಚಿಟ್ಟ ಬಟ್ಟೆಯ ಹಳೆಯ ಲೆಕ್ಕಪುಸ್ತಕ, ಇದೆಯೇ ಎಂದು ವಿನಯದಿಂದ ವಿಚಾರಿಸಿ. ಕಪ್ಪು ಬಟ್ಟೆಯ ಮೇಲೆ ಬಳಪದಿಂದ ಬರೆದದ್ದಾದ್ದರಿಂದ ಧೂಳು ಒರೆಸಲು ಹೋದರೆ ಅಕ್ಷರವೂ ಹೋಗುತ್ತದೆ. ಇದ್ದಂತೆಯೇ ಬಿಚ್ಚಿ ಚಿತ್ರ ತೆಗೆಯಿರಿ. ಆರ್. ನರಸಿಂಹಾಚಾರ್ಯರು 1916ರಲ್ಲಿ ಟಿಪ್ಪು ಸುಲ್ತಾನನ ಕನ್ನಡ ಪತ್ರಗಳ ಕಟ್ಟನ್ನು ಬೆಳಕಿಗೆ ತಂದದ್ದು ಶೃಂಗೇರಿ ಮಠದ ಕಾಗದಪತ್ರಗಳ ನಡುವಿನಿಂದ.

ಪುರಾತತ್ವ ವಿದ್ಯಾರ್ಥಿನಿ, ಧಾರವಾಡ:
ಸೀಮೆಸುಣ್ಣದ ಮಾತನ್ನು, ಹಿರಿಯರ ಮೇಲಿನ ಗೌರವವನ್ನಿಟ್ಟುಕೊಂಡೇ, ನಾನು ಒಪ್ಪಲಾರೆ. ಸವೆದ ಕಲ್ಲನ್ನು ಉಜ್ಜಿದಷ್ಟೂ ಅದು ಇನ್ನಷ್ಟು ಸವೆಯುತ್ತದೆ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿದರೆ ಹಗಲಿನಲ್ಲಿ ಕಾಣದ ಗೆರೆಗಳೂ ನೆರಳಿನಿಂದ ಎದ್ದು ಕಾಣುತ್ತವೆ. ಬೆಳಕಿನ ದಿಕ್ಕನ್ನು ಬದಲಿಸುತ್ತ ಹಲವು ಚಿತ್ರಗಳನ್ನು ತೆಗೆದು, ಭಾರತೀಯ ಪುರಾತತ್ವ ಸರ್ವೇಕ್ಷಣದ ಮೈಸೂರಿನ ಶಾಸನ ವಿಭಾಗಕ್ಕೆ ಕಳುಹಿಸಬಹುದು.

ಹೊಲದ ವಿಷಯದಲ್ಲಿ ನೀವು ಭಾಗ್ಯವಂತರು. ರೈಸ್ ಅವರು 1892ರಲ್ಲಿ ಅಶೋಕನ ಶಾಸನವನ್ನು ಗುರುತಿಸಿದ ಬ್ರಹ್ಮಗಿರಿ ನಿಮ್ಮ ತಾಲ್ಲೂಕಿನಲ್ಲೇ ಇದೆ. ಅಲ್ಲಿ ಮಾರ್ಟಿಮರ್ ವೀಲರ್ 1947ರಲ್ಲಿ ನಡೆಸಿದ ಉತ್ಖನನದಲ್ಲಿ ಕೆಳಗೆ ನಯಗೊಳಿಸಿದ ಕಲ್ಲುಕೊಡಲಿಗಳ ಕಾಲ, ಅದರ ಮೇಲೆ ಕಬ್ಬಿಣ ಬಳಸಿದ ಬೃಹತ್ ಶಿಲಾ ಸಮಾಧಿಗಳ ಕಾಲ, ಅದಕ್ಕೂ ಮೇಲೆ ಶಾತವಾಹನರ ಕಾಲದ ಪದರಗಳು ಕಂಡುಬಂದವು. ಕಪ್ಪು-ಕೆಂಪು ಮಡಕೆ ನಡುವಿನ ಕಾಲಕ್ಕೆ ಹೆಚ್ಚು ಹೊಂದುತ್ತದೆಯಾದರೂ ಆಮೇಲೆಯೂ ಬಳಕೆಯಲ್ಲಿದ್ದುದರಿಂದ ಚೂರೊಂದನ್ನೇ ನಂಬಿ ಕಾಲವನ್ನು ನಿರ್ಧರಿಸಲಾಗದು. ಮಕ್ಕಳು ಚೂರುಗಳನ್ನು ಚೀಲ ತುಂಬಿಕೊಂಡು ಬಂದರೆ ಯಾವುದು ಎಲ್ಲಿ ಬಿದ್ದಿತ್ತೆಂಬ ಮಾಹಿತಿಯೇ ಅಳಿದುಹೋಗುತ್ತದೆ. ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಚಿತ್ರ ತೆಗೆದು, ಮೊಬೈಲಿನಲ್ಲಿ ಅಕ್ಷಾಂಶ-ರೇಖಾಂಶ ಗುರುತಿಸಿ, ಚೂರನ್ನು ಅಲ್ಲಿಯೇ ಬಿಡಲಿ. ಗುದ್ದಲಿ ಮಾತ್ರ ಬೇಡವೇ ಬೇಡ. ಉತ್ಖನನಕ್ಕೆ ಸರ್ಕಾರದ ಅನುಮತಿ ಬೇಕು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಏರಿಯ ದುರಸ್ತಿ ಸದ್ಯದಲ್ಲೇ ನಡೆಯಲಿದೆ. ವೀರಗಲ್ಲುಗಳನ್ನು ಶಾಲೆಯ ಆವರಣಕ್ಕೆ ತಂದು ನಿಲ್ಲಿಸಬಹುದೇ?

ನಿವೃತ್ತ ಇತಿಹಾಸ ಉಪನ್ಯಾಸಕರು, ತುಮಕೂರು:
ಟಾರ್ಚಿನ ಕ್ರಮ ಒಳ್ಳೆಯದು, ತಂಗೀ. ಇನ್ನು ಅದನ್ನೇ ಹೇಳುತ್ತೇನೆ. ಮೇಷ್ಟ್ರೇ, ನೀವಾಗಿಯೇ ಕಲ್ಲುಗಳನ್ನು ಕದಲಿಸಬೇಡಿ. ಚಿತ್ರ ಮತ್ತು ಸ್ಥಳದ ವಿವರಗಳೊಂದಿಗೆ ತಹಶೀಲ್ದಾರರಿಗೂ ರಾಜ್ಯ ಪುರಾತತ್ವ ಇಲಾಖೆಗೂ ಗ್ರಾಮ ಪಂಚಾಯಿತಿಯ ಮೂಲಕ ಈಗಲೇ ಪತ್ರ ಬರೆಸಿ, ಕೆಲಸದ ಗುತ್ತಿಗೆದಾರರಿಗೆ ಅದರ ಒಂದು ಪ್ರತಿಯನ್ನು ಕೊಡಿ. ಇಲಾಖೆಯವರೇ ಸ್ಥಳಾಂತರಿಸಲು ಹೇಳಿದರೆ, ಕೀಳುವ ಮೊದಲು ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿ ನಿಂತಿತ್ತೆಂಬುದನ್ನೂ ನೆಲದೊಳಗೆ ಎಷ್ಟು ಹೂತಿತ್ತೆಂಬುದನ್ನೂ ಬರೆದಿಟ್ಟುಕೊಳ್ಳಿ. ಎಷ್ಟೋ ಕಡೆ ಶಾಸನದ ಕೊನೆಯ ಸಾಲುಗಳು ಮಣ್ಣಿನೊಳಗೇ ಇರುತ್ತವೆ.